ಕೊಡಗಿನಿಂದ ಸೈಬರ್ ಭದ್ರತೆಯ ಸಂಶೋಧನೆಗೆ: ಯಾವ ದಾರಿ, ಯಾವ ಪರೀಕ್ಷೆ, ಎಲ್ಲಿ ಎಚ್ಚರ

ಕೊಡಗಿನಲ್ಲಿ ದೇಶದ ಭದ್ರತೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸೈನ್ಯ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು ಇದು. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ. ಬಹಳಷ್ಟು ಕುಟುಂಬಗಳಲ್ಲಿ ಒಬ್ಬರಾದರೂ ಸಮವಸ್ತ್ರ ತೊಟ್ಟವರಿದ್ದಾರೆ. ಅಂಥ ಮನೆಯಲ್ಲಿ ಮಗಳು ‘ಸೈಬರ್ ಭದ್ರತೆ ಓದಿ ಪಿಎಚ್‌ಡಿ ಮಾಡ್ತೀನಿ’ ಅಂದರೆ ಅದು ಎಂಥ ಕೆಲಸ ಅಂತಲೇ ಹಿರಿಯರಿಗೆ ಗೊತ್ತಾಗುವುದಿಲ್ಲ. ಪೊಲೀಸಾ? ಸಾಫ್ಟ್‌ವೇರಾ? ಮೇಷ್ಟ್ರಾ?

ಮೇಷ್ಟ್ರ ಕೆಲಸವೇ. ಪಾಠ ಹೇಳಬೇಕು, ಜೊತೆಗೆ ಇದುವರೆಗೆ ಯಾರೂ ಉತ್ತರಿಸದ ಒಂದು ಪ್ರಶ್ನೆ ಹಿಡಿದು, ಉತ್ತರ ಹುಡುಕಿ, ಎಲ್ಲರೂ ಓದುವಂತೆ ಬರೆಯಬೇಕು. ಪಿಯುಸಿಯಿಂದ ಅಲ್ಲಿಯವರೆಗೆ ಹೋಗುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಗುಟ್ಟಿನ ಕೆಲಸ ಬೇಕಾ, ಬರೆಯುವ ಕೆಲಸ ಬೇಕಾ?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ದೇಶದ ರಹಸ್ಯ ಕಾಪಾಡುವ, ಎದುರಾಳಿಯ ರಹಸ್ಯ ತಿಳಿಯುವ ಕೆಲಸ ಬೇಕು ಅಂದರೆ ಅದಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ತಾಂತ್ರಿಕ ಗುಪ್ತಚರ ಸಂಸ್ಥೆ ಎನ್‌ಟಿಆರ್‌ಒ, ಸೈನ್ಯ ಇವೆ. ಮೂರೂ ಪಡೆಗಳು ಸೇರಿದ ಡಿಫೆನ್ಸ್ ಸೈಬರ್ ಏಜೆನ್ಸಿಯೂ ಇದೆ. ಒಳ್ಳೆಯ ಕೆಲಸಗಳೇ. ಆದರೆ ಅಲ್ಲಿ ಮಾಡಿದ್ದನ್ನು ಹೊರಗೆ ಹೇಳುವ ಹಾಗಿಲ್ಲ.

ವಿಶ್ವವಿದ್ಯಾಲಯದಲ್ಲಿ ಇದರ ತಲೆಕೆಳಗು. ಹೊರಗೆ ಹೇಳದಿದ್ದರೆ ಕೆಲಸ ಮಾಡಿದ ಹಾಗೇ ಅಲ್ಲ. ನಿಮ್ಮ ಕಚ್ಚಾ ಮಾಲೆಲ್ಲ ಬಹಿರಂಗವಾಗಿ ಸಿಗುವಂಥದ್ದು: ಕಾನೂನು, ಸಂಸತ್ತಿನ ಉತ್ತರಗಳು, ಕೋರ್ಟ್ ತೀರ್ಪುಗಳು, ಪ್ರಕಟವಾದ ಕೋಡ್, ನಿಮ್ಮದೇ ಪ್ರಯೋಗಾಲಯದ ಅಳತೆಗಳು. ‘ಒಳಗಿನ ಮಾಹಿತಿ ಇಲ್ಲದೆ ಭದ್ರತೆ ಬಗ್ಗೆ ಏನು ಬರೆಯೋಕಾಗುತ್ತೆ?’ ಅಂತ ತುಂಬ ಜನ ಕೇಳುತ್ತಾರೆ. ಬಹಿರಂಗ ಕಾಗದಗಳನ್ನೇ ಕೂತು ಸರಿಯಾಗಿ ಓದುವವರು ಕಡಿಮೆ. ಓದಿದವರಿಗೆ ಬರೆಯಲು ಬೇಕಾದಷ್ಟಿದೆ.

ಹಂತ 2: ಯಾವ ಬಾಗಿಲಿನಿಂದ ಒಳಗೆ ಹೋಗಬೇಕು?

ಒಂದು ನಿಜವಾದ ಘಟನೆ ತೆಗೆದುಕೊಳ್ಳಿ. 2022ರ ನವೆಂಬರ್ 23ರಂದು ದೆಹಲಿ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ರ‍್ಯಾನ್ಸಮ್‌ವೇರ್ ದಾಳಿಗೆ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿ) ಸಿಕ್ಕವು. ದಿನಗಟ್ಟಲೆ ಚೀಟಿ, ದಾಖಲೆ ಎಲ್ಲ ಕೈಯಲ್ಲೇ ಬರೆಯಬೇಕಾಯಿತು. ಆಸ್ಪತ್ರೆಯ ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ, ಅದರಿಂದಲೇ ಹೀಗಾಯಿತು ಎಂದು ಸರ್ಕಾರ ಸಂಸತ್ತಿಗೆ ಆಮೇಲೆ ತಿಳಿಸಿತು.

ಇದನ್ನು ನೋಡಿ ಒಬ್ಬನಿಗೆ ‘ನೆಟ್‌ವರ್ಕ್ ಹೇಗೆ ಭಾಗ ಮಾಡಿದ್ದರೆ ದಾಳಿ ಒಂದೇ ಕೋಣೆಯಲ್ಲಿ ನಿಲ್ಲುತ್ತಿತ್ತು?’ ಅನ್ನಿಸಿದರೆ ಅವನು ಕಂಪ್ಯೂಟರ್ ಸೈನ್ಸ್ ಕಡೆಯವನು. ಇನ್ನೊಬ್ಬಳಿಗೆ ‘ರೋಗಿಯ ಮಾಹಿತಿ ಸೋರಿದರೆ ಯಾರು ಹೊಣೆ?’ ಅನ್ನಿಸಿದರೆ ಅವಳದು ಕಾನೂನಿನ ದಾರಿ. ‘ಆಸ್ಪತ್ರೆ ಮೇಲಿನ ದಾಳಿ ಯಾವ ಮಟ್ಟಕ್ಕೆ ಹೋದರೆ ಅದು ದೇಶದ ಮೇಲಿನ ದಾಳಿ ಆಗುತ್ತದೆ, ಆಗ ಸರ್ಕಾರ ಏನು ಮಾಡಬಹುದು?’ ಅಂತ ತಲೆ ಕೆಡಿಸಿಕೊಂಡವರಿಗೆ ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧ, ರಕ್ಷಣಾ ಅಧ್ಯಯನ ಸರಿ.

ಮೂರೂ ಒಂದೇ ವಿಷಯದ ಬಾಗಿಲುಗಳು. ಕೋಡ್ ಬರೆಯಲು ಬಾರದವರಿಗೆ ಇಲ್ಲಿ ಜಾಗ ಇಲ್ಲ ಅನ್ನುವುದು ಸುಳ್ಳು. ಬಿಎ ಓದುತ್ತಿರುವವರೂ ಮುಂದೆ ಓದಿ.

ಹಂತ 3: ಡಿಗ್ರಿ

ತಾಂತ್ರಿಕ ದಾರಿಗೆ ಪಿಯುಸಿಯಲ್ಲಿ ಗಣಿತ ಬೇಕೇ ಬೇಕು. ಆಮೇಲೆ ಸಿಇಟಿ, ಕಾಮೆಡ್‌ಕೆ ಅಥವಾ ಜೆಇಇ. ಜಿಲ್ಲೆಯೊಳಗೇ ಓದಬೇಕು ಅಂದರೆ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಎರಡೂ ವಿಟಿಯುಗೆ ಸೇರಿದವು. ಊರಿನ ಕಾಲೇಜಿನಲ್ಲಿ ಓದಿದರೆ ಸಂಶೋಧನೆಗೆ ದಾರಿ ಮುಚ್ಚುತ್ತದೆ ಎಂದು ಹೆದರಬೇಡಿ. ಮುಂದಿನ ಬಾಗಿಲು ತೆರೆಯುವುದು ಗೇಟ್ (ಎಂ.ಟೆಕ್, ಪಿಎಚ್‌ಡಿ ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಮತ್ತು ಇಂಟರ್‌ವ್ಯೂ.

ಈಗ ‘ಸೈಬರ್ ಸೆಕ್ಯುರಿಟಿ’ ಅಂತ ಹೆಸರಿಟ್ಟ ಬಿಇ ಕೋರ್ಸ್‌ಗಳು ಜಾಸ್ತಿಯಾಗಿವೆ. ನನ್ನನ್ನು ಕೇಳಿದರೆ, ಸಂಶೋಧನೆಗೆ ಹೋಗುವವರು ಸಾದಾ ಕಂಪ್ಯೂಟರ್ ಸೈನ್ಸನ್ನೇ ತೆಗೆದುಕೊಳ್ಳಲಿ. ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಅಲ್ಗಾರಿದಮ್, ಸಂಭವನೀಯತೆ, ಸಂಖ್ಯಾಶಾಸ್ತ್ರ ಗಟ್ಟಿಯಾಗಿದ್ದರೆ ಭದ್ರತೆಯನ್ನು ಆಮೇಲೆ ಕಲಿಯಬಹುದು. ಅಡಿಪಾಯ ಇಲ್ಲದೆ ಟೂಲ್‌ಗಳನ್ನು ಮಾತ್ರ ಕಲಿತವರು ಪಿಎಚ್‌ಡಿ ಇಂಟರ್‌ವ್ಯೂನಲ್ಲಿ ಮೊದಲ ಹತ್ತು ನಿಮಿಷದಲ್ಲೇ ತಡವರಿಸುತ್ತಾರೆ.

ಸರ್ಟಿಫಿಕೇಟ್ ಕೋರ್ಸ್‌ಗಳ ಮಾತೂ ಅಷ್ಟೇ. ಸಾವಿರಾರು ರೂಪಾಯಿ ತೆಗೆದುಕೊಂಡು ‘ಎಥಿಕಲ್ ಹ್ಯಾಕರ್’ ಮಾಡುತ್ತೇವೆ ಅನ್ನುವ ಜಾಹೀರಾತು ಮೊಬೈಲ್ ತುಂಬ ಬರುತ್ತವೆ. ಕಂಪನಿ ಕೆಲಸಕ್ಕೆ ಕೆಲವು ಉಪಯೋಗಕ್ಕೆ ಬರಬಹುದು. ಪಿಎಚ್‌ಡಿ ಆಯ್ಕೆ ಸಮಿತಿಯ ಮುಂದೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. ಆ ಹಣದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಲಿನಕ್ಸ್ ಹಾಕಿಕೊಳ್ಳಿ.

ಬಿಸಿಎ, ಬಿಎಸ್‌ಸಿ ಓದಿದವರು ಎಂಸಿಎ ಅಥವಾ ಎಂಎಸ್‌ಸಿ ಮಾಡಿ ಇದೇ ದಾರಿಗೆ ಬರಬಹುದು. ಬಿಎ ಓದುವವರಿಗೆ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಂಥ ಕಡೆ ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಓದಿದರೆ ಸಾಕು. ಆಮೇಲೆ ಎಂಎಗೆ ಹೊರಗೆ ಹೋಗಬೇಕಾಗುತ್ತದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲೂ ರಕ್ಷಣಾ ಅಧ್ಯಯನಕ್ಕೆಂದೇ ಹಳೆಯ ವಿಭಾಗಗಳಿವೆ. ಹತ್ತಿರದಲ್ಲಿ ಬೇಕೆಂದರೆ ಮಣಿಪಾಲದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ.

ಹಂತ 4: ಕೈ ಪಳಗಲಿ, ಆದರೆ ಬೇಲಿಯೊಳಗೆ

ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಕ್ರಿಪ್ಟೋಗ್ರಫಿ (ಗೂಢಲಿಪಿ ಶಾಸ್ತ್ರ), ನೆಟ್‌ವರ್ಕ್ ಪಾಠಗಳು ಪುಕ್ಕಟೆ ಸಿಗುತ್ತವೆ. ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ. ಮಳೆಗಾಲಕ್ಕೆ ಮೊದಲೇ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ, ಟವರ್‌ನ ಬ್ಯಾಟರಿಯೂ ಮುಗಿದರೆ, ಆನ್‌ಲೈನ್ ಪಾಠ ಎಲ್ಲಿಂದ ಬರಬೇಕು? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್‌ನಂಥ, ಹ್ಯಾಕಿಂಗ್ ಒಗಟು ಬಿಡಿಸುವ ಸ್ಪರ್ಧೆಗಳು ಅಭ್ಯಾಸಕ್ಕೆ ಒಳ್ಳೆಯವು. ನಮ್ಮಲ್ಲೇ ಅಮೃತ ವಿಶ್ವವಿದ್ಯಾಪೀಠದ ವಿದ್ಯಾರ್ಥಿಗಳ ತಂಡ ಇಂಥ ಸ್ಪರ್ಧೆಗಳಲ್ಲಿ ಹೆಸರು ಮಾಡಿದೆ.

ಈ ಅಭ್ಯಾಸವನ್ನೆಲ್ಲ ನಿಮ್ಮ ಸ್ವಂತ ಯಂತ್ರದ ಮೇಲೆ, ಇಲ್ಲವೇ ಅಭ್ಯಾಸಕ್ಕೆಂದೇ ಇಟ್ಟ ಯಂತ್ರಗಳ ಮೇಲೆ ಮಾತ್ರ ಮಾಡಿ. ಪಕ್ಕದ ತೋಟದ ಸಿಸಿಟಿವಿಗೆ ಪಾಸ್‌ವರ್ಡ್ ಹಾಕಿಲ್ಲ ಅಂತ ಇಣುಕಿ ನೋಡುವುದು ತಮಾಷೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ದುರುದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದ್ದಕ್ಕೆ ನುಗ್ಗಲು ಯತ್ನಿಸಿದರೂ ಸಾಕು, 70ನೇ ಸೆಕ್ಷನ್‌ನಲ್ಲಿ ಶಿಕ್ಷೆ 10 ವರ್ಷದವರೆಗೆ ಇದೆ. ಹಾಗಾಗಿ ಅಣೆಕಟ್ಟು, ವಿದ್ಯುತ್, ಬ್ಯಾಂಕು ಇವುಗಳನ್ನು ಸುಮ್ನೆ ಸ್ಕ್ಯಾನ್ ಮಾಡಿ ನೋಡೋಣ ಅನ್ನುವ ಯೋಚನೆಯೇ ಬೇಡ.

ಅಕಸ್ಮಾತ್ ಎಲ್ಲೋ ಒಂದು ದೋಷ ಕಣ್ಣಿಗೆ ಬಿದ್ದರೆ? ಫೇಸ್‌ಬುಕ್‌ನಲ್ಲಿ ಹಾಕಬೇಡಿ, ಇನ್ನೂ ಒಳಕ್ಕೆ ಹೋಗಿ ನೋಡಬೇಡಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಿ. ದೋಷಗಳನ್ನು ಜವಾಬ್ದಾರಿಯಿಂದ ತಿಳಿಸಲು ಅವರಲ್ಲಿ ವ್ಯವಸ್ಥೆ ಇದೆ. ಒಂದು ಪೊಲೀಸ್ ಕೇಸು ಬಿದ್ದರೆ ಇಡೀ ದಾರಿಗೇ ತೊಡಕು.

ಹಂತ 5: ಪರೀಕ್ಷೆಗಳು

ಗೇಟ್ ಪ್ರತಿ ವರ್ಷ ಫೆಬ್ರವರಿ ಹೊತ್ತಿಗೆ ನಡೆಯುತ್ತದೆ. 3 ಗಂಟೆ, 65 ಪ್ರಶ್ನೆ, 100 ಅಂಕ. ಅಂಕ 3 ವರ್ಷ ಚಾಲ್ತಿಯಲ್ಲಿರುತ್ತದೆ. ಡಿಗ್ರಿಯ ಮೂರನೇ ವರ್ಷದಲ್ಲೇ ಬರೆಯಬಹುದು. ಕಂಪ್ಯೂಟರ್ ಸೈನ್ಸ್ ಪತ್ರಿಕೆಯಲ್ಲಿ ಭದ್ರತೆಗೆಂದು ಬೇರೆ ವಿಭಾಗವೇ ಇಲ್ಲ. ಅಡಿಪಾಯ ಗಟ್ಟಿ ಮಾಡಿ ಅಂತ ಮೇಲೆ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ತೋಟ ಇರುವ ಮನೆಯವರಿಗೆ ಇಲ್ಲೊಂದು ತಾಪತ್ರಯ ಇದೆ: ಫೆಬ್ರವರಿ ಅಂದರೆ ರೊಬಸ್ಟಾ ಕೊಯ್ಲು. ಆಳು ಸಿಗದೆ ಮನೆಮಂದಿಯೆಲ್ಲ ಕಣಕ್ಕೆ ಇಳಿದಿರುವಾಗ ನೀವೊಬ್ಬರು ಪುಸ್ತಕ ಹಿಡಿದು ಕೂತರೆ ಮಾತು ಬರುತ್ತದೆ. ದಸರಾ ಹೊತ್ತಿಗೇ ಮನೆಯಲ್ಲಿ ಹೇಳಿಟ್ಟುಬಿಡಿ, ಡಿಸೆಂಬರ್ ಒಳಗೆ ಪಾಠ ಮುಗಿಸಿ, ಜನವರಿಯನ್ನು ಹಳೆಯ ಪತ್ರಿಕೆಗಳಿಗೆ ಇಟ್ಟುಕೊಳ್ಳಿ.

ಪಾಠ ಮಾಡುವ ಅರ್ಹತೆಗೆ, ಸಂಶೋಧನಾ ಫೆಲೋಶಿಪ್‌ಗೆ ಬರೆಯುವ ಯುಜಿಸಿ-ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ ನಡೆಯುತ್ತದೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ‘ಕಂಪ್ಯೂಟರ್ ಸೈನ್ಸ್ ಮತ್ತು ಅಪ್ಲಿಕೇಷನ್ಸ್’ ಒಂದು ವಿಷಯ, ‘ರಕ್ಷಣಾ ಮತ್ತು ವ್ಯೂಹಾತ್ಮಕ ಅಧ್ಯಯನ’ ಇನ್ನೊಂದು. 2024ರಿಂದ ನೆಟ್ ಅಂಕದ ಮೇಲೆಯೇ ಪಿಎಚ್‌ಡಿ ಪ್ರವೇಶ ಕೊಡುವ ಪದ್ಧತಿ ಬಂದಿದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಶೇಕಡಾ ಅಂಕ ಇದ್ದವರೂ ಬರೆಯಬಹುದು. ಸಾಮಾನ್ಯವಾಗಿ ಮೈಸೂರು ಇಲ್ಲವೇ ಮಂಗಳೂರಿಗೆ ಇಳಿದು ಬರೆಯಬೇಕಾಗುತ್ತದೆ. ಜೂನ್ ಆವೃತ್ತಿಯಾದರೆ ಹಿಂದಿನ ದಿನವೇ ಹೊರಡಿ. ಸಂಪಾಜೆ ಘಾಟಿಯನ್ನು ಮಳೆಯಲ್ಲಿ ನಂಬಿ ಕೂತವರಿಗೆ 2018ರ ಭೂಕುಸಿತ ನೆನಪಿರಬೇಕು.

ಕೆ-ಸೆಟ್ ಕರ್ನಾಟಕದೊಳಗೆ ಪಾಠ ಮಾಡುವ ಅರ್ಹತೆಗೆ ಮಾತ್ರ. ಇದರಲ್ಲಿ ಫೆಲೋಶಿಪ್ ಇಲ್ಲ.

ಹಂತ 6: ಎಲ್ಲಿಗೆ ಹೋಗುವುದು

ಘಟ್ಟ ಇಳಿದರೆ ಸುರತ್ಕಲ್‌ನ ಎನ್‌ಐಟಿಕೆ, ಅಲ್ಲಿ ಮಾಹಿತಿ ಭದ್ರತೆಯಲ್ಲಿ ಎಂ.ಟೆಕ್ ಇದೆ. ಬೆಂಗಳೂರಿನಲ್ಲಿ ಐಐಎಸ್‌ಸಿ, ಐಐಐಟಿ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಸೈಸೆಕ್ ಕೂಡ ಐಐಎಸ್‌ಸಿಯ ಆಸರೆಯಲ್ಲೇ ನಡೆಯುತ್ತದೆ. ಇಂಟರ್ನ್‌ಶಿಪ್, ಕಾರ್ಯಾಗಾರಗಳ ಬಗ್ಗೆ ಅವರ ಪ್ರಕಟಣೆ ನೋಡುತ್ತಿರಿ. ಗಣಿತ ಪ್ರೀತಿಸುವವರಿಗೆ ಕೋಲ್ಕತ್ತಾದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಕ್ರಿಪ್ಟಾಲಜಿಯಲ್ಲಿ ಎಂ.ಟೆಕ್ ಕೊಡುತ್ತದೆ. ವಿದ್ಯುತ್ ಜಾಲ, ನೀರಿನ ವ್ಯವಸ್ಥೆಗಳ ಭದ್ರತೆಗೆ ಐಐಟಿ ಕಾನ್ಪುರ ಹೆಸರುವಾಸಿ. ಚಿಪ್‌ನ ಮಟ್ಟದ ಭದ್ರತೆಗೆ ಐಐಟಿ ಖರಗ್‌ಪುರ. ಡಿಜಿಟಲ್ ಫೊರೆನ್ಸಿಕ್ಸ್ (ಕಂಪ್ಯೂಟರ್, ಮೊಬೈಲ್‌ನಿಂದ ಸಾಕ್ಷ್ಯ ತೆಗೆಯುವ ವಿದ್ಯೆ) ಬೇಕಾದವರಿಗೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ ಇದೆ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಶಿವಮೊಗ್ಗದಲ್ಲಿದೆ.

ನೀತಿ, ರಾಜತಂತ್ರದ ಕಡೆಯವರು ಐಐಎಸ್‌ಸಿ ಆವರಣದಲ್ಲೇ ಇರುವ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ಸಂಸ್ಥೆಯನ್ನು ನೋಡಿ. ಬೆಂಗಳೂರಿನ ನೀತಿ ಅಧ್ಯಯನ ಸಂಸ್ಥೆ ತಕ್ಷಶಿಲಾ, ದೆಹಲಿಯ ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ ಪ್ರಕಟಿಸುವ ವರದಿಗಳನ್ನು ಓದುವುದಕ್ಕೆ ಹಣ ಕೊಡಬೇಕಿಲ್ಲ.

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಯಾರು ಅನ್ನುವುದು ಮುಖ್ಯ. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ. ಸಂಬಂಧ ನೋಡುವಾಗ ಮನೆತನ ವಿಚಾರಿಸುವಷ್ಟೇ ಕಾಳಜಿಯಿಂದ ವಿಚಾರಿಸಿ. ಐದು ವರ್ಷ ಅವರ ಜೊತೆ ಏಗಬೇಕಾದವರು ನೀವು.

ಹಂತ 7: ಪ್ರಶ್ನೆ ಹುಡುಕುವುದು

ಎಲ್ಲಕ್ಕಿಂತ ಕಷ್ಟದ ಹಂತ ಇದು, ಯಾವ ಕೋಚಿಂಗ್‌ನಲ್ಲೂ ಹೇಳಿಕೊಡುವುದಿಲ್ಲ. ಮೊದಲ ಸಲ ಬರೆಯುವವರ ವಿಷಯ ಹೀಗಿರುತ್ತದೆ: ‘ಭಾರತದಲ್ಲಿ ಸೈಬರ್ ಭದ್ರತೆ ಮತ್ತು ರಾಷ್ಟ್ರೀಯ ಭದ್ರತೆ: ಒಂದು ಅಧ್ಯಯನ’. ಇದರಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು?

ಒಂದು ಬಹಿರಂಗ ಕಾಗದ ತೆಗೆದುಕೊಳ್ಳೋಣ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಸೈಬರ್ ದಾಳಿ ಆದರೆ ಸಂಸ್ಥೆಗಳು 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು (ಯಾವಾಗ ಏನು ನಡೆಯಿತು ಎಂಬ ದಾಖಲೆ) 180 ದಿನ ಇಟ್ಟುಕೊಂಡಿರಬೇಕು. ಸುದ್ದಿ ಓದಿದವರೆಲ್ಲ ‘6 ಗಂಟೆ’ ಅನ್ನುವಲ್ಲಿಗೆ ನಿಂತರು. ಮೂಲ ಓದಿ. ಆ 6 ಗಂಟೆ ಎಣಿಕೆ ಶುರುವಾಗುವುದು ದಾಳಿ ಆದಾಗಿನಿಂದ ಅಲ್ಲ, ಅದು ಗಮನಕ್ಕೆ ಬಂದಾಗಿನಿಂದ.

ಈಗ ಗೋಣಿಕೊಪ್ಪಲಿನಲ್ಲೋ ಸೋಮವಾರಪೇಟೆಯಲ್ಲೋ ಒಂದು ಸಣ್ಣ ಸಹಕಾರ ಸಂಘವನ್ನೋ ನರ್ಸಿಂಗ್ ಹೋಮನ್ನೋ ಊಹಿಸಿಕೊಳ್ಳಿ. ಕಂಪ್ಯೂಟರ್ ಕೆಟ್ಟರೆ ಮೈಸೂರಿನಿಂದ ಒಬ್ಬ ಹುಡುಗ ಬರಬೇಕು. ಲಾಗ್ ಅಂದರೆ ಏನು ಅಂತ ಗೊತ್ತಿರುವವರು ಇಲ್ಲ. ಅಲ್ಲಿ ದಾಳಿ ಗಮನಕ್ಕೆ ಬರುವುದು ಯಾವಾಗ? ಯಾರ ಗಮನಕ್ಕೆ? ಗಮನಿಸುವವರೇ ಇಲ್ಲದ ಕಡೆ 6 ಗಂಟೆಯ ನಿಯಮಕ್ಕೆ ಏನು ಅರ್ಥ? ನೋಡಿ, ಈಗ ಪ್ರಶ್ನೆ ಹುಟ್ಟಿತು. ಎಂಜಿನಿಯರ್ ಆದರೆ ‘ತಜ್ಞರಿಲ್ಲದ ಕಡೆ, ಕಡಿಮೆ ಖರ್ಚಿನಲ್ಲಿ, ದಾಳಿಯನ್ನು ತಾನೇ ಗುರುತಿಸುವ ವ್ಯವಸ್ಥೆ ಹೇಗೆ ಕಟ್ಟಬಹುದು’ ಅಂತ ಕೇಳುತ್ತಾರೆ. ಕಾನೂನಿನವರು ‘ಗಮನಕ್ಕೆ ಬರುವುದು’ ಅನ್ನುವುದನ್ನು ಬೇರೆ ದೇಶಗಳು ಹೇಗೆ ಬರೆದಿವೆ ಅಂತ ಹೋಲಿಸುತ್ತಾರೆ. ನೀತಿಯವರು ಇಪ್ಪತ್ತು ಸಂಸ್ಥೆಗಳಿಗೆ ಹೋಗಿ ಕೂತು ಕೇಳುತ್ತಾರೆ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂತವರಿಗೆ ಈ ಪ್ರಶ್ನೆ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಬೇರೆ ಯಾರಾದರೂ ಕೇಳಿದ್ದಾರಾ ನೋಡಬೇಕು. ತಾಂತ್ರಿಕ ದಾರಿಯವರು ಯೂಸೆನಿಕ್ಸ್ ಸೆಕ್ಯುರಿಟಿ, ಐಇಇಇ ಎಸ್ ಅಂಡ್ ಪಿ, ಎಸಿಎಂ ಸಿಸಿಎಸ್, ಎನ್‌ಡಿಎಸ್‌ಎಸ್ ಎಂಬ ನಾಲ್ಕು ಸಮ್ಮೇಳನಗಳ ಲೇಖನಗಳಿಂದ ಶುರು ಮಾಡಿ. ಯೂಸೆನಿಕ್ಸ್ ಲೇಖನಗಳೆಲ್ಲ ಪುಕ್ಕಟೆ. ನಮ್ಮ ದೇಶದಲ್ಲೇ ನಡೆಯುವ ಇಂಡೋಕ್ರಿಪ್ಟ್ ಕೂಡ ಒಳ್ಳೆಯದು. ಹಣ ಕೊಟ್ಟರೆ ಎರಡೇ ದಿನದಲ್ಲಿ ಪ್ರಕಟಿಸುತ್ತೇವೆ ಅನ್ನುವ ಪತ್ರಿಕೆಗಳಿಂದ ದೂರ ಇರಿ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿಯೂ 2025ರಲ್ಲಿ ನಿಂತುಹೋಗಿದೆ. ಒಳ್ಳೆಯದು ಯಾವುದು, ಜಳ್ಳು ಯಾವುದು ಅಂತ ಈಗ ನೀವೇ ನೋಡಿ ತಿಳಿಯಬೇಕು.

ಹಂತ 8: ಮನೆಯ ಮಾತು ಮನೆಯಲ್ಲೇ ಇರಲಿ

ಈ ಹಂತ ಬೇರೆ ಜಿಲ್ಲೆಯವರಿಗಿಂತ ನಮಗೆ ಜಾಸ್ತಿ ಬೇಕು. ಅಪ್ಪ ಸೈನ್ಯದಲ್ಲಿ, ಚಿಕ್ಕಪ್ಪ ಬಿಎಸ್‌ಎಫ್‌ನಲ್ಲಿ, ಅತ್ತೆ ಮಗ ಸೈನ್ಯದ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿ ಇದ್ದರೆ ಊಟಕ್ಕೆ ಕೂತಾಗ ಏನೇನೋ ಕಿವಿಗೆ ಬೀಳುತ್ತದೆ. ಅದು ನಿಮ್ಮ ಸಂಶೋಧನೆಯ ಸಾಮಗ್ರಿ ಅಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಹೇಳಿದವರಿಗೆ ಮಾತ್ರವಲ್ಲ, ಪಡೆದವರಿಗೂ ಅದು ಅನ್ವಯಿಸಬಹುದು.

ನಿವೃತ್ತರ ಸಂದರ್ಶನ ಮಾಡುವಾಗಲೂ ಜೋಪಾನ. 2021ರ ಮೇ ತಿಂಗಳಲ್ಲಿ ಕೇಂದ್ರದ ಪಿಂಚಣಿ ನಿಯಮ ಬದಲಾಯಿತು. ಗುಪ್ತಚರ ಮತ್ತು ಕೆಲವು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕೆಲಸಕ್ಕೆ ಸಂಬಂಧಿಸಿದ್ದನ್ನು ಪ್ರಕಟಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಬಿಎಸ್‌ಎಫ್, ಸಿಆರ್‌ಪಿಎಫ್ ಕೂಡ ಆ ಪಟ್ಟಿಯಲ್ಲಿವೆ. ತಪ್ಪಿದರೆ ಪಿಂಚಣಿಗೆ ಕುತ್ತು. ಚಿಕ್ಕಪ್ಪ ಪ್ರೀತಿಯಿಂದ ಹೇಳಿದ ಒಂದು ಮಾತನ್ನು ನೀವು ಹೆಸರು ಹಾಕಿ ಅಚ್ಚು ಮಾಡಿಸಿ, ಅವರ ಪಿಂಚಣಿಗೆ ತೊಂದರೆ ತರುವುದು ಯಾಕೆ? ಸಂದರ್ಶನಕ್ಕೆ ಮೊದಲು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಏನನ್ನು ಕೇಳುತ್ತೀರಿ, ಏನನ್ನು ಕೇಳುವುದಿಲ್ಲ ಅಂತ ಬರೆದುಕೊಂಡು ಹೋಗಿ.

ಹಂತ 9: ಪ್ರೊಫೆಸರ್‌ಗೆ ಮೇಲ್

‘ಪೂಜ್ಯರೇ, ನನಗೆ ಸೈಬರ್ ಭದ್ರತೆಯಲ್ಲಿ ಅಪಾರ ಆಸಕ್ತಿ ಇದೆ, ದಯವಿಟ್ಟು ಅವಕಾಶ ಕೊಡಿ’ ಅಂತ ಐವತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಐವತ್ತೂ ಕಸದ ಬುಟ್ಟಿಗೆ ಹೋಗುತ್ತದೆ. ಅವರ ಒಂದೇ ಒಂದು ಲೇಖನವನ್ನು ಸರಿಯಾಗಿ ಓದಿ, ಹೀಗೆ ಬರೆಯಿರಿ:

‘ನಿಮ್ಮ ಲೇಖನದಲ್ಲಿ ದಾಳಿ ಗುರುತಿಸುವ ವಿಧಾನವನ್ನು ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ್ದೀರಿ. ಇಪ್ಪತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಲಾಗ್‌ಗಳೇ ಅರ್ಧಂಬರ್ಧ ಇರುತ್ತವೆ. ನಿಮ್ಮ ದತ್ತಾಂಶದಲ್ಲಿ ಅರ್ಧ ಲಾಗ್ ತೆಗೆದುಹಾಕಿ ಅದೇ ವಿಧಾನ ನಡೆಸಿ ನೋಡಿದೆ. ಫಲಿತಾಂಶ ಮತ್ತು ಕೋಡ್ ಈ ಲಿಂಕ್‌ನಲ್ಲಿವೆ. ನಾನು ಎಲ್ಲಿ ಎಡವಿದ್ದೇನೆ ಎಂದು ತಿಳಿಸುತ್ತೀರಾ?’

ಅಷ್ಟೇ. ಜೊತೆಗೆ ಒಂದು ಪುಟದ ಬಯೋಡೇಟಾ. ನಿಜವಾದ ಮೇಲನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ, ಆದರೆ ದೊಡ್ಡ ಇಂಗ್ಲಿಷ್ ಬೇಕಾಗಿಲ್ಲ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ. ಆಮೇಲೂ ಬರದಿದ್ದರೆ ಬೇರೆಯವರಿಗೆ ಬರೆಯಿರಿ.

ಹಂತ 10: ಹಣ ಮತ್ತು ಕಾಗದ ಪತ್ರ

ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇನೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ನೆಟ್‌ನಲ್ಲಿ ಫೆಲೋಶಿಪ್ ಗಳಿಸಿದ ಜೂನಿಯರ್ ರಿಸರ್ಚ್ ಫೆಲೋಗೆ 2023ರಿಂದ 37,000, ಸೀನಿಯರ್ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿಗೆ ಯುಜಿಸಿ ನಿಯಮದಂತೆ ಕನಿಷ್ಠ 3 ವರ್ಷ, ಸಾಮಾನ್ಯ ಮಿತಿ 6 ವರ್ಷ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಏಳನೇ ವೇತನ ಆಯೋಗದಂತೆ 57,700ರಿಂದ ಶುರು. 2023ರ ಜುಲೈನಿಂದ ಈ ಹುದ್ದೆಗೆ ನೆಟ್ ಅಥವಾ ಸೆಟ್ ಇದ್ದರೆ ಸಾಕು, ಪಿಎಚ್‌ಡಿ ಕಡ್ಡಾಯವಲ್ಲ. ಎಂಜಿನಿಯರಿಂಗ್ ಕಾಲೇಜಿಗೆ ಎಂ.ಟೆಕ್ ಸಾಕು. ಐಐಟಿ, ಎನ್‌ಐಟಿಗಳಲ್ಲಿ ಮಾತ್ರ ಪಿಎಚ್‌ಡಿ ಇಲ್ಲದೆ ಆಗುವುದಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯರು ಅಷ್ಟು ವರ್ಷ ನಿಮಗಿಂತ ಜಾಸ್ತಿ ದುಡಿಯುತ್ತಾರೆ, ಅದನ್ನು ಮನೆಯಲ್ಲಿ ಮುಚ್ಚಿಡಬೇಡಿ.

ಯರವ, ಜೇನು ಕುರುಬ ಸಮುದಾಯಗಳ ವಿದ್ಯಾರ್ಥಿಗಳಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಫೆಲೋಶಿಪ್ ಇದೆ. ಇದು ಗೊತ್ತಿರುವವರು ಕಡಿಮೆ. ಶಾಲೆಯ ಮೇಷ್ಟ್ರುಗಳು ದಯವಿಟ್ಟು ಹೇಳಿ.

ಹಿಂದುಳಿದ ವರ್ಗದವರು ಒಂದು ವಿಷಯ ಗಮನಿಸಿ. ಗೇಟ್, ನೆಟ್‌ನಲ್ಲಿ ಮೀಸಲಾತಿಯ ಲಾಭ ಪಡೆಯಲು ಕೇಂದ್ರದ ಪಟ್ಟಿಯಂತೆ, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರಬೇಕೆಂದಿಲ್ಲ. ಐಐಎಸ್‌ಸಿಯ ಪಿಎಚ್‌ಡಿ ಅರ್ಜಿ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ತೆರೆಯುತ್ತದೆ. ಆಗ ನಾಡಕಚೇರಿಗೆ ಓಡುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೆನೆಪದರಕ್ಕೆ ಸೇರಿಲ್ಲ ಅನ್ನುವ ಪ್ರಮಾಣಪತ್ರ ಯಾವ ದಿನಾಂಕದ ನಂತರದ್ದಿರಬೇಕು ಅಂತ ಪ್ರತಿ ಪ್ರಕಟಣೆಯಲ್ಲೂ ಬೇರೆ ಬೇರೆ ಬರೆದಿರುತ್ತಾರೆ, ಓದಿಕೊಂಡೇ ಅರ್ಜಿ ತುಂಬಿ.